ಸಂಪಂಗಿ ಕೆರೆಯಂಗಳದಲ್ಲಿ ಸ್ಪೇನಿನ ಗುರು

ಹೂಗ್ಯಂನಿಂದ ಬೆಂಗಳೂರಿಗೆ ಹೊರಟವನು ಕಾಡಿನ ಸೆರಗನ್ನು ಬಿಟ್ಟು ಮೊದಲು ರಾಮಾಪುರಕ್ಕೆ ಬರಬೇಕು. ಅಲ್ಲಿಂದ ಹನೂರು, ಹನೂರಿನಿಂದ ಕೊಳ್ಳೇಗಾಲ. ಶಿವರಾತ್ರಿಯದೋ ಯುಗಾದಿಯದೋ ಜಾತ್ರೆಯ ಕಾಲವಾದರೆ ಮಾದಪ್ಪನ ಬೆಟ್ಟಕ್ಕೆ ಹೊರಟ ಪರಿಷೆಯ ಜನ ಎದುರಿನಿಂದ ಬರುತ್ತಾರೆ. ಎಲ್ಲರೂ ಬೆಟ್ಟದ ಕಡೆಗೆ ಮುಖ ಮಾಡಿರುವಾಗ ತಾನೊಬ್ಬನೇ ಬೆನ್ನು ತಿರುಗಿಸಿ ಪಟ್ಟಣಕ್ಕೆ ಹೋಗುತ್ತಿದ್ದೇನೆ ಎಂಬ ಅಳುಕು ಈ ಸೀಮೆಯ ಪ್ರಯಾಣಿಕನಿಗೆ ಆಗದಿರದು.

ಹೂಗ್ಯಂ ಸೀಮೆಯ ಹೆಸರು ಪಟ್ಟಣದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಕಾಣಿಸಿಕೊಂಡಾಗಲೆಲ್ಲ ಅದು ಶುಭವಾರ್ತೆಯಾಗಿರಲಿಲ್ಲ. 1992ರ ಆಗಸ್ಟ್ 14ರಂದು ನೆರೆಯ ಮಿಣ್ಯಂ ಬಳಿ ವೀರಪ್ಪನ ತಂಡ ಹೊಂಚು ಹಾಕಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮೊದಲಾದವರನ್ನು ಕೊಂದಿತು. 2025ರ ಜೂನ್ ತಿಂಗಳಲ್ಲಿ ಹೂಗ್ಯಂ ಅರಣ್ಯ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು. ಇಂತಹ ಊರಿಗೂ ಸ್ಪೇನ್ ದೇಶದ ಕಾಲ್ಚೆಂಡಿನ ಆಟಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ಓದುಗರು ಕೇಳಬಹುದು. ನೇರವಾದ ಸಂಬಂಧವೇನೂ ಇಲ್ಲ. ಆದರೆ ದಾರಿ ಇದೆ. ಆ ದಾರಿಯನ್ನು ಹಿಡಿದು ಹೋದರೆ ಅದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಬಾಗಿಲಿಗೆ ಮುಟ್ಟಿಸುತ್ತದೆ.

ದಾರಿಯಲ್ಲಿ ಎರಡು ಸಂಗತಿಗಳನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮೊದಲನೆಯದು ಕೊಳ್ಳೇಗಾಲದ್ದು. 1956ರ ನವೆಂಬರ್ 1ರವರೆಗೆ ಈ ತಾಲ್ಲೂಕು ಮೈಸೂರಿನದಲ್ಲ. ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯದು. ಮೈಸೂರು ತಂಡ 1946–47ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದು, ಮತ್ತೆ 1952–53ರಲ್ಲಿ ಗೆದ್ದಾಗ, ಹೂಗ್ಯಂನ ಕನ್ನಡಿಗನ ಪಾಲಿಗೆ ಅದು ಪಕ್ಕದ ರಾಜ್ಯದವರ ಗೆಲುವು. ಮಾತು ಒಂದೇ, ಹಾಡು ಒಂದೇ, ದೇವರೂ ಒಂದೇ. ಆಟದ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವನು ಹೊರಗಿನವನು! 1967–68 ಮತ್ತು 1968–69ರಲ್ಲಿ ಮೈಸೂರು ಅದೇ ಟ್ರೋಫಿಯನ್ನು ಬೆನ್ನುಬೆನ್ನಿಗೆ ಗೆದ್ದ ಹೊತ್ತಿಗೆ ಗಡಿ ಬದಲಾಗಿತ್ತು; ಆ ಗೆಲುವುಗಳಲ್ಲಿ ಅವನಿಗೂ ಪಾಲಿತ್ತು.

ಎರಡನೆಯದು ಕಾವೇರಿಯದು. ಕೊಳ್ಳೇಗಾಲ ಬಿಟ್ಟು ಸತ್ತೇಗಾಲದ ಬಳಿ ಹೊಳೆಯನ್ನು ದಾಟುವಾಗ ಶಿವನಸಮುದ್ರ ಹತ್ತಿರದಲ್ಲೇ ಇರುತ್ತದೆ. ಅಲ್ಲಿ ಧುಮುಕುವ ನೀರು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪವಾಗಿ ಬೆಳಗಿತು. ಹೊಳೆಯ ಪಕ್ಕದ ಹಳ್ಳಿಗಳು ಎಷ್ಟೋ ವರ್ಷ ಕತ್ತಲಲ್ಲಿಯೇ ಇದ್ದವೆಂಬ ಮಾತು ಬೇರೆ. ಮಳವಳ್ಳಿ, ಹಲಗೂರು, ಸಾತನೂರು, ಕನಕಪುರಗಳನ್ನು ಹಿಂದೆ ಹಾಕಿ, ಸಂಜೆಯ ವೇಳೆಗೆ ಬೆಂಗಳೂರನ್ನು ಸೇರಿ, ಕಬ್ಬನ್ ಉದ್ಯಾನದ ಮಗ್ಗುಲಲ್ಲಿ ಕಂಠೀರವದ ಎತ್ತರವಾದ ದೀಪಸ್ತಂಭಗಳು ಹಗಲಿನಂತೆ ಹೊಳೆಯುವುದನ್ನು ಕಂಡಾಗ, ಬೆಳಕು ಮೊದಲು ಯಾವ ದಾರಿಯಿಂದ ಬಂದಿತು ಎಂಬುದು ಕೊಳ್ಳೇಗಾಲದ ಕಡೆಯವನಿಗಾದರೂ ಹೊಳೆಯದೆ ಹೋಗದು.

ಕ್ರೀಡಾಂಗಣ ನಿಂತಿರುವ ನೆಲ ಒಂದು ಕಾಲಕ್ಕೆ ಸಂಪಂಗಿ ಕೆರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ನಗರಕ್ಕೆ ಬಂದ ಮೇಲೆ ಇಂತಹ ಊರಕೆರೆಗಳನ್ನು ಕೇಳುವವರು ಕಡಿಮೆಯಾದರು. ಕೆರೆ ಕಿರಿದಾಗುತ್ತ ಬಂದು ಅಂಗಳವಾಯಿತು. ಈಗ ಉಳಿದಿರುವುದು ಕಲ್ಲುಕಟ್ಟಿನ ಒಂದು ಸಣ್ಣ ಹೊಂಡ. ಬೆಂಗಳೂರು ಕರಗದ ವಿಧಿಗಳಿಗೆ ಇಂದಿಗೂ ಅದು ಬೇಕು. ತಿಗಳರ ವೀರಕುಮಾರರು ಅಲಗು ಹಿಡಿದು ಬರುವ ನೆಲದ ಮಗ್ಗುಲಲ್ಲೇ ನೀಲಿ ಅಂಗಿಯ ತರುಣರು ನಗಾರಿ ಬಾರಿಸುತ್ತ ಪಂದ್ಯಕ್ಕೆ ಬರುತ್ತಾರೆ. ಕ್ರೀಡಾಂಗಣ ಈಗಿನ ರೂಪವನ್ನು ಪಡೆದದ್ದು 1997ರ ರಾಷ್ಟ್ರೀಯ ಕ್ರೀಡಾಕೂಟದ ಕಾಲಕ್ಕೆ. ಅದು ಓಟಗಾರರಿಗಾಗಿ ಕಟ್ಟಿದ ಅಂಗಳ. ನೋಡುವವನಿಗೂ ಚೆಂಡಿಗೂ ನಡುವೆ ಓಟದ ಪಥ ಅಡ್ಡವಾಗಿ ಹರಿದಿದೆ. ಕಾಲ್ಚೆಂಡಾಟಕ್ಕೆ ಇದು ಅಷ್ಟೇನೂ ಒಪ್ಪುವ ರಚನೆಯಲ್ಲ. ಆದರೂ ಪಶ್ಚಿಮದ ಅಟ್ಟಣೆಯಿಂದ ಏಳುವ ಕೂಗು ಆ ಪಥವನ್ನು ದಾಟಿ ಆಟಗಾರನ ಕಿವಿಯನ್ನು ಮುಟ್ಟುತ್ತದೆ.

ಬೆಂಗಳೂರಿಗೆ ಈ ಆಟ ಹೊಸದಲ್ಲ. ದಂಡಿನ ಪ್ರದೇಶದ ಬೀದಿಗಳಲ್ಲಿ ಗೋರಾ ಸಿಪಾಯಿಗಳಿಂದ ಕಲಿತ ಆಟವನ್ನು ಇಲ್ಲಿನ ಹುಡುಗರು ಬರಿಗಾಲಿನಲ್ಲಿ ಆಡಿ ತಮ್ಮದಾಗಿಸಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಹತ್ತು ಗೋಲು ಹೊಡೆದು ಭಾರತವನ್ನು ಹಣ್ಣುಮಾಡಿದ ದಿನ ಮಾನ ಉಳಿಸಿದ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಹಲಸೂರಿನ ಬಳಿ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಸಾಲಿನಲ್ಲಿ ಬ್ರಜಿಲಿನ ಪೆಲೆಯ ಪ್ರತಿಮೆಯೂ ಇದೆ. ಕೇರಿಯ ಜನ ಯಾರನ್ನು ಯಾರ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ ಎಂಬುದರಲ್ಲಿ ಅವರ ಪ್ರೀತಿಯ ಅಳತೆ ಸಿಗುತ್ತದೆ.

ಆದರೆ ಒಂದು ಕೊರತೆ ಮೊದಲಿನಿಂದಲೂ ಇತ್ತು. ಬೆಂಗಳೂರು ಆಟಗಾರರನ್ನು ಹೆತ್ತಿತು, ಸಾಕಿದ್ದು ಕಲ್ಕತ್ತ. ರಾಮನ್ ಮೋಹನ ಬಾಗಾನಿಗೆ ಹೋದರು, ಅಹಮದ್ ಖಾನ್ ಈಸ್ಟ್ ಬೆಂಗಾಲಿಗೆ. ಕಾಲು ಚುರುಕಾಗಿರುವವರೆಗೆ ಹೊರಗೆ ಆಡಿ, ದಣಿದ ಮೇಲೆ ಊರಿಗೆ ಮರಳುವುದು ವಾಡಿಕೆಯಾಯಿತು. ಮರಳಿದವರಲ್ಲಿದ್ದ ವಿದ್ಯೆಯನ್ನು ಮುಂದಿನವರಿಗೆ ದಾಟಿಸುವ ಪೀಠ ಇಲ್ಲಿ ಗಟ್ಟಿಯಾಗಿ ಬೇರೂರಲಿಲ್ಲ.

2013ರಲ್ಲಿ ಉಕ್ಕಿನ ಉದ್ಯಮದ ಜೆ.ಎಸ್.ಡಬ್ಲ್ಯೂ ಸಂಸ್ಥೆ ಬೆಂಗಳೂರು ಎಫ್.ಸಿ. ಎಂಬ ಸಂಘವನ್ನು ಕಟ್ಟಿದಾಗ ಈ ಸ್ಥಿತಿ ಬದಲಾಗುವ ಸೂಚನೆ ಕಂಡಿತು. ಮೊದಲ ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ, 2016ರಲ್ಲಿ ಮತ್ತೊಮ್ಮೆ. ಹೀಗೆ ಗೆದ್ದು ಕೂತ ಪೀಠಕ್ಕೆ ಹೊಸಬನಾಗಿ ಬರುವುದು ಸೋತ ಪೀಠಕ್ಕೆ ಬರುವುದಕ್ಕಿಂತ ಕಷ್ಟ. 2016ರ ಜುಲೈಯಲ್ಲಿ ಹಾಗೆ ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ.

ಯಾರೀ ರೋಕಾ? 1962ರಲ್ಲಿ ಕತಲೋನಿಯದ ಗ್ರನೊಯೆರ್ಸ್ ಎಂಬ ಪಟ್ಟಣದಲ್ಲಿ ಹುಟ್ಟಿದವರು. ಸಬದೆಲ್ ಮೊದಲಾದ ತಂಡಗಳಲ್ಲಿ ರಕ್ಷಣಾ ಪಂಕ್ತಿಯಲ್ಲಿ ನಿಂತು ಆಡಿದವರು. ಜಗತ್ತು ಹೆಸರು ಹಿಡಿದು ಕೂಗುವ ಆಟಗಾರರ ಪೈಕಿ ಅಲ್ಲ. ಹಿಂದೆ ನಿಂತು ಆಡುವವನಿಗೆ ಗೋಲಿನ ಕೀರ್ತಿ ದಕ್ಕುವುದಿಲ್ಲ. ಆದರೆ ಇಡೀ ಅಂಗಳ ಅವನ ಕಣ್ಣ ಮುಂದೆ ಹರಡಿರುತ್ತದೆ. ಯಾರು ಎಲ್ಲಿ ನಿಂತಿದ್ದಾರೆ, ಯಾರು ಎಲ್ಲಿ ಇರಬೇಕಿತ್ತು ಎಂಬುದು ಅವನಿಗೆ ಕಾಣುವಷ್ಟು ಮುಂದಿನ ಸಾಲಿನವನಿಗೆ ಕಾಣದು. ಅವರಲ್ಲಿ ಎಷ್ಟೋ ಮಂದಿ ಮುಂದೆ ಒಳ್ಳೆಯ ಕೋಚ್‌ಗಳಾಗುವುದು ಇದೇ ಕಾರಣಕ್ಕಾಗಿ ಇದ್ದೀತು.

ಆಟ ಮುಗಿಸಿದ ರೋಕಾ ನೇರವಾಗಿ ದೊಡ್ಡ ಪೀಠವನ್ನೇರಲಿಲ್ಲ. ಮಾದಪ್ಪನ ಕಥೆ ಹೇಳುವ ಕಂಸಾಳೆಯ ಮೇಳವನ್ನು ಬಲ್ಲವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಅಲ್ಲಿ ದೀಕ್ಷೆ ಪಡೆದವನು ಮರುದಿನವೇ ಕಥೆಯನ್ನು ಮುಂದೆ ನಿಂತು ನಡೆಸುವುದಿಲ್ಲ. ಹಿಮ್ಮೇಳದಲ್ಲಿ ನಿಂತು ಸೊಲ್ಲಿಗೆ ಸೊಲ್ಲು ಕೂಡಿಸುತ್ತ, ಗುರು ಎಲ್ಲಿ ಉಸಿರು ಬಿಡುತ್ತಾನೆ, ಎಲ್ಲಿ ತಾಳ ತಿರುಗಿಸುತ್ತಾನೆ ಎಂಬುದನ್ನು ಮೈಗೂಡಿಸಿಕೊಂಡ ಮೇಲೆ ಅವನ ಸರದಿ. ರೋಕಾರ ಹಿಮ್ಮೇಳ ದೀರ್ಘವಾದದ್ದು. 2003ರಲ್ಲಿ ಬಾರ್ಸಿಲೋನಾ ತಂಡಕ್ಕೆ ಕೋಚಾಗಿ ಬಂದ ಹಾಲೆಂಡಿನ ಫ್ರಾಂಕ್ ರೈಕಾರ್ಡರ ಸಹಾಯಕರ ಬಳಗದಲ್ಲಿ ಅವರು ಸೇರಿದರು. ಆಟಗಾರರ ದೇಹವನ್ನು ಅಣಿಗೊಳಿಸುವುದು ಅವರ ಕೆಲಸದ ಮುಖ್ಯ ಭಾಗ. ರೊನಾಲ್ಡಿನೋ ಅರಳಿದ ಕಾಲ ಅದು. 2006ರ ಮೇ 17ರಂದು ಪ್ಯಾರಿಸ್ಸಿನಲ್ಲಿ ಆರ್ಸೆನಲ್ ತಂಡವನ್ನು 2–1ರಿಂದ ಸೋಲಿಸಿ ಬಾರ್ಸಿಲೋನಾ ಯುರೋಪಿನ ಕಿರೀಟವನ್ನು ಧರಿಸಿದಾಗ ಚಿತ್ರಗಳಲ್ಲಿ ಮೆರೆದವರು ಬೇರೆ. ಮುಂದೆ ರೈಕಾರ್ಡರ ಜೊತೆ ತುರ್ಕಿಯ ಗಲತಸರಾಯ್ ತಂಡಕ್ಕೆ, ಸೌದಿ ಅರೇಬಿಯಕ್ಕೆ. ಆಮೇಲೆ ಒಬ್ಬರೇ, ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ರಾಷ್ಟ್ರತಂಡದ ಮುಖ್ಯ ಕೋಚ್ ಆಗಿ. ಸಂಪಂಗಿ ಕೆರೆಯ ಅಂಗಳಕ್ಕೆ ಬಂದಾಗ ಅವರ ವಯಸ್ಸು ಐವತ್ತನ್ನು ದಾಟಿತ್ತು.

ಬಂದವರಿಗೆ ಹೊಂದಿಕೊಳ್ಳುವ ವ್ಯವಧಾನ ಸಿಗಲಿಲ್ಲ. ಏಷ್ಯಾ ಖಂಡದ ಸಂಘಗಳ ಎ.ಎಫ್.ಸಿ. ಕಪ್ ಪಂದ್ಯಾವಳಿಯಲ್ಲಿ ಬೆಂಗಳೂರು ಎಂಟರ ಘಟ್ಟಕ್ಕೆ ಬಂದು ನಿಂತಿತ್ತು. ಸಿಂಗಪುರದ ಟ್ಯಾಂಪೈನ್ಸ್ ರೋವರ್ಸ್ ತಂಡವನ್ನು ದಾಟಿದರೆ ಎದುರಿಗೆ ಮಲೇಷಿಯದ ಜೊಹೋರ್ ದಾರುಲ್ ತಾಝಿಮ್. ಹಿಂದಿನ ವರ್ಷ ಕಪ್ಪನ್ನು ಗೆದ್ದವರು. ಅವರ ಊರಿನಲ್ಲಿ ಆಡಿದ ಮೊದಲ ಪಂದ್ಯ 1–1ರಲ್ಲಿ ಮುಗಿಯಿತು.

2016ರ ಅಕ್ಟೋಬರ್ 19ರ ರಾತ್ರಿ ಎರಡನೆಯ ಪಂದ್ಯ ಕಂಠೀರವದಲ್ಲಿ. ಹನ್ನೊಂದನೆಯ ನಿಮಿಷದಲ್ಲಿಯೇ ಜೊಹೋರಿನ ಸಫೀಕ್ ರಹೀಮ್ ಗೋಲು ಹೊಡೆದರು. ಇಂತಹ ಹೊತ್ತಿನಲ್ಲಿ ನಮ್ಮ ತಂಡಗಳು ಬಹುಕಾಲದಿಂದ ಮಾಡುತ್ತ ಬಂದದ್ದು ಒಂದೇ: ಚೆಂಡನ್ನು ಎತ್ತರಕ್ಕೆ, ದೂರಕ್ಕೆ ಒದೆಯುವುದು, ಹೋದದ್ದು ಹೋದ ಕಡೆಗೆ ಓಡುವುದು. ರೋಕಾರ ತಂಡ ಹಾಗೆ ಮಾಡಲಿಲ್ಲ. ಚೆಂಡು ನೆಲಕ್ಕೆ ಅಂಟಿಕೊಂಡಂತೆ ಕಾಲಿನಿಂದ ಕಾಲಿಗೆ ಸಾಗಿತು. ಗೋಲುಕೀಪರನಿಂದ ರಕ್ಷಕನಿಗೆ, ರಕ್ಷಕನಿಂದ ನಡುವಿನವನಿಗೆ, ಬೇಕಾದರೆ ಮತ್ತೆ ಹಿಂದಕ್ಕೆ. ಹಿಂದಕ್ಕೆ ಕೊಟ್ಟ ಪಾಸು ಹೇಡಿತನವಲ್ಲವೆಂಬುದನ್ನು ಕೆಲವೇ ವಾರಗಳಲ್ಲಿ ಆಟಗಾರರಿಗೆ ನಂಬಿಸಿದ್ದೇ ಅವರ ಸಾಧನೆ. ನಲವತ್ತೊಂದನೆಯ ನಿಮಿಷದಲ್ಲಿ ನಾಯಕ ಸುನಿಲ್ ಛೆಟ್ರಿ ಸಮ ಮಾಡಿದರು. ಅರವತ್ತಾರನೆಯ ನಿಮಿಷದಲ್ಲಿ ಮತ್ತೆ ಛೆಟ್ರಿ. ಹತ್ತು ನಿಮಿಷ ಕಳೆದು ಸ್ಪೇನಿನ ರಕ್ಷಕ ಹ್ವಾನನ್ ಮೂರನೆಯದನ್ನು ಸೇರಿಸಿದರು. 3–1. ಭಾರತದ ಯಾವ ಸಂಘವೂ ಅದುವರೆಗೆ ಏರದಿದ್ದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಬೆಂಗಳೂರು ಏರಿತು. ಆ ರಾತ್ರಿ ಪಶ್ಚಿಮದ ಅಟ್ಟಣೆಯಲ್ಲಿದ್ದವರು ಇಂದಿಗೂ ಅದನ್ನು ಹೇಳುವಾಗ ಗೋಲುಗಳಿಗಿಂತ ಹೆಚ್ಚಾಗಿ, ಒಂದು ಗೋಲು ಹಿಂದಿದ್ದಾಗಲೂ ತಂಡ ತಾಳ ತಪ್ಪದೆ ಆಡಿದ್ದನ್ನು ಹೇಳಬೇಕು; ಅದೇ ಹೊಸದು.

ನವೆಂಬರ್ 5ರಂದು ದೋಹಾದಲ್ಲಿ ಅಂತಿಮ ಪಂದ್ಯ. ಎದುರಾಳಿ ಇರಾಕಿನ ವಾಯುಪಡೆಯ ತಂಡ. ಎಪ್ಪತ್ತೊಂದನೆಯ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ಸೋತಿತು.

ಮುಂದಿನ ದಿನಗಳು ಏಕಪ್ರಕಾರವಾಗಿರಲಿಲ್ಲ. 2016–17ರ ಐ-ಲೀಗಿನಲ್ಲಿ ಪುಟ್ಟ ಮಿಜೋರಮ್ಮಿನ ಐಜ್ವಾಲ್ ತಂಡ ಚಾಂಪಿಯನ್ ಆಯಿತು. ಬೆಂಗಳೂರಿಗೆ ನಾಲ್ಕನೆಯ ಸ್ಥಾನ. ಹೊಗಳಿದ ಬಾಯಿಗಳೇ ಗುಣುಗುಟ್ಟಿದವು. 2017ರ ಮೇ 21ರಂದು ಕಟಕದಲ್ಲಿ ಮೋಹನ ಬಾಗಾನನ್ನು ಹೆಚ್ಚುವರಿ ವೇಳೆಯಲ್ಲಿ ಸಿ.ಕೆ. ವಿನೀತರ ಎರಡು ಗೋಲುಗಳಿಂದ ಸೋಲಿಸಿ ಫೆಡರೇಷನ್ ಕಪ್ಪನ್ನು ತಂದಾಗ ಗುಣುಗು ಅಡಗಿತು. ಅದೇ ವರ್ಷ ತಂಡ ಉತ್ತರ ಕೊರಿಯದ ಪ್ಯೊಂಗ್ಯಾಂಗಿನವರೆಗೆ ಹೋಗಿ ಸೋಲದೆ ಬಂದಿತು. ಇಂಡಿಯನ್ ಸೂಪರ್ ಲೀಗಿಗೆ ಸೇರಿದ ಮೊದಲ ವರ್ಷವೇ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ನಿಂತಿತು. ಆದರೆ 2018ರ ಮಾರ್ಚ್ 17ರಂದು, ತನ್ನದೇ ಕಂಠೀರವದಲ್ಲಿ, ಛೆಟ್ರಿ ಒಂಬತ್ತನೆಯ ನಿಮಿಷದಲ್ಲಿಯೇ ಮುನ್ನಡೆ ಕೊಟ್ಟ ಮೇಲೂ ಚೆನ್ನೈ ತಂಡಕ್ಕೆ 2–3ರಿಂದ ಅಂತಿಮ ಪಂದ್ಯವನ್ನು ಸೋತಿತು. ಮನೆಯಂಗಳದಲ್ಲಿ ಸೋತ ಆ ಸಂಜೆಯ ನೋವಿಗೆ ಏಪ್ರಿಲ್ ತಿಂಗಳಲ್ಲಿ ಭುವನೇಶ್ವರದಲ್ಲಿ ಗೆದ್ದ ಸೂಪರ್ ಕಪ್ ಪೂರ್ತಿ ಮದ್ದಾಗಲಿಲ್ಲ. ಆ ವರ್ಷವೇ ರೋಕಾ ಬೆಂಗಳೂರನ್ನು ಬಿಟ್ಟರು.

ಬಿಟ್ಟ ಪೀಠದಲ್ಲಿ ಕೂತವರು ಅವರ ಸಹಾಯಕರೇ ಆಗಿದ್ದ ಕಾರ್ಲೆಸ್ ಕ್ವದ್ರಾತ್. 1968ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದವರು, ಆ ಸಂಘದ ಬಾಲಶಾಲೆಯಲ್ಲಿ ಬೆಳೆದವರು, ಅವರೂ ರಕ್ಷಕರೇ. ಎರಡು ವರ್ಷ ರೋಕಾರ ಹಿಮ್ಮೇಳದಲ್ಲಿ ನಿಂತು ಈ ಊರಿನ ಮಳೆ, ಈ ಅಂಗಳದ ಹುಲ್ಲು, ಈ ಹುಡುಗರ ಸ್ವಭಾವ ಎಲ್ಲವನ್ನೂ ಅರಿತಿದ್ದರು. 2019ರ ಮಾರ್ಚ್ 17ರಂದು, ಸೋಲಿಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಮುಂಬಯಿಯಲ್ಲಿ ಗೋವಾ ತಂಡದ ವಿರುದ್ಧ ನೂರಹದಿನೇಳನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ ಸೂಪರ್ ಲೀಗ್ ಕಿರೀಟವನ್ನು ತಂದಿತು. ಕೆಡವಿ ಕಟ್ಟದೆ, ಕಟ್ಟಿದ್ದರ ಮೇಲೆ ಕಟ್ಟಿದ ಫಲವದು.

ರೋಕಾರ ಕಥೆಗೆ ಒಂದು ವಿಚಿತ್ರವಾದ ತಿರುವಿದೆ. ಹೈದರಾಬಾದಿನ ಸಂಘ ಅವರನ್ನು ಮುಖ್ಯ ಕೋಚ್ ಆಗಿ ಗೊತ್ತುಮಾಡಿಕೊಂಡಿತ್ತು. 2020ರ ಆಗಸ್ಟಿನಲ್ಲಿ ಬಾರ್ಸಿಲೋನಾದಿಂದ ಕರೆ ಬಂತು: ಹೊಸ ಕೋಚ್ ರೊನಾಲ್ಡ್ ಕೂಮನರ ಬಳಗದಲ್ಲಿ ಆಟಗಾರರ ದೇಹಶಿಕ್ಷಣದ ಕೆಲಸ. ಮುಖ್ಯ ಪೀಠವನ್ನು ಬಿಟ್ಟು ಅವರು ಮತ್ತೆ ಹಿಮ್ಮೇಳಕ್ಕೆ ಹೋದರು. ಕೆಲವರಿಗೆ ಇದು ಇಳಿಜಾರಿನಂತೆ ಕಂಡೀತು. ಮನೆಯಿಂದ ಕರೆ ಬಂದಾಗ ಯಾವ ಸಾಲಿನಲ್ಲಿ ನಿಲ್ಲಬೇಕೆಂದು ಕೇಳದವನಿಗೆ ಅದು ಹಾಗೆ ಕಂಡಿರಲಾರದು.

ಅದೇ ವರ್ಷದ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಕಾರ್ಲ್‌ಟನ್ ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರಿಯ ನಲವತ್ತೊಂಬತ್ತು. ರೋಕಾರನ್ನು ಹೊಗಳುವ ಲೇಖನದಲ್ಲಿ ಈ ಹೆಸರನ್ನು ಬಿಟ್ಟರೆ ನ್ಯಾಯವಾಗದು. ಚಾಪ್‌ಮನ್ ಈ ನೆಲದ ಹುಡುಗ. 1971ರಲ್ಲಿ ಇಲ್ಲಿಯೇ ಹುಟ್ಟಿ, ಜಮಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು, ಕಲ್ಕತ್ತೆಗೆ ಹೋದವರು. ದೋಹಾದಲ್ಲಿ ಇರಾಕಿನ ತಂಡಕ್ಕೆ ಬೆಂಗಳೂರು ಸೋಲುವುದಕ್ಕೆ ಇಪ್ಪತ್ತಮೂರು ವರ್ಷಗಳ ಹಿಂದೆ, 1993ರಲ್ಲಿ, ಏಷ್ಯಾದ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಇರಾಕಿನದೇ ಅಲ್ ಝವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಮಣಿಸಿತು. ಅದರಲ್ಲಿ ಮೂರು ಗೋಲು ಚಾಪ್‌ಮನ್‌ರವು. ಪಂಜಾಬಿನ ಜೆ.ಸಿ.ಟಿ. ತಂಡದೊಡನೆ 1996–97ರ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದರು. 2001ರಲ್ಲಿ ಈಸ್ಟ್ ಬೆಂಗಾಲಿನ ನಾಯಕರಾಗಿ ಮತ್ತೆ ಗೆದ್ದರು. ಭಾರತದ ನಾಯಕರೂ ಆಗಿದ್ದರು.

ಆಟ ನಿಲ್ಲಿಸಿದ ಮೇಲೆ ಅವರೂ ಕೋಚ್ ಆದರು. ತಾನು ಕಲಿತ ಟಾಟಾ ಅಕಾಡೆಮಿಯಲ್ಲಿ ಕಲಿಸಿದರು. ಷಿಲ್ಲಾಂಗಿನ ರಾಯಲ್ ವಾಹಿಂಗ್ಡೊ, ಕಲ್ಕತ್ತೆಯ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್ ಎಂದು ಊರೂರು ತಿರುಗಿದರು. ಕೊನೆಯ ದಿನಗಳಲ್ಲಿ ಕೇರಳದ ಕ್ವಾರ್ಟ್ಸ್ ಸಂಘದ ತಾಂತ್ರಿಕ ನಿರ್ದೇಶಕರಾಗಿದ್ದರು. ಆಟಗಾರನಾಗಿ ರೋಕಾರಿಗಿಂತ ಅವರ ಹೆಸರು ತಮ್ಮ ದೇಶದಲ್ಲಿ ಎಷ್ಟೋ ಪಾಲು ದೊಡ್ಡದು. ಕೋಚ್ ಆಗಿ ಅವರ ಪಾಲಿಗೆ ಬಂದವು ಹೆಚ್ಚಾಗಿ ಎರಡನೆಯ ಸಾಲಿನ ತಂಡಗಳು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಇಲ್ಲಿ ಹೇಳಿಬಿಡುವುದು ಸುಲಭ. ಆದರೆ ಅದರಿಂದ ವಿಷಯ ಮುಗಿಯದು. ರೋಕಾರಿಗೆ ಐದು ವರ್ಷ ರೈಕಾರ್ಡರಂಥವರ ಹಿಂದೆ ನಿಂತು, ಜಗತ್ತಿನ ಮೇಲುಮಟ್ಟದ ತಂಡವನ್ನು ದಿನದಿನವೂ ಒಳಗಿನಿಂದ ನೋಡುವ ಅವಕಾಶವಿತ್ತು. ಚಾಪ್‌ಮನ್ ಪೀಳಿಗೆಯ ಆಟಗಾರನಿಗೆ ಈ ದೇಶದಲ್ಲಿ ಅಂತಹ ಹಿಮ್ಮೇಳವೇ ಇರಲಿಲ್ಲ. ಅತಿಥಿಗಳಾಗಿ ಬಂದ ಸ್ಪೇನಿನವರ ಮೇಲೆ ಅಸೂಯೆಪಟ್ಟು ಫಲವಿಲ್ಲ. ಅವರ ಪಕ್ಕದಲ್ಲಿ ನಮ್ಮವರು ಎಷ್ಟು ಮಂದಿ ನಿಂತರು, ಎಷ್ಟು ಕಾಲ ನಿಂತರು ಎಂದು ಕೇಳಬೇಕಾಗಿದೆ.

ನಿಂತವರು ಇಲ್ಲದಿಲ್ಲ. 2021ರ ಜನವರಿಯಲ್ಲಿ ಕ್ವದ್ರಾತ್ ಬೆಂಗಳೂರನ್ನು ಬಿಟ್ಟಾಗ ಕೆಲಕಾಲ ತಂಡವನ್ನು ನಡೆಸಿದವರು ಅವರ ಸಹಾಯಕರಾಗಿದ್ದ ನೌಷಾದ್ ಮೂಸಾ. ಒಂದು ಕಾಲದ ಆಟಗಾರರು, ಭಾರತೀಯರು. ಕ್ವದ್ರಾತ್ ಮುಂದೆ ಚಾಪ್‌ಮನ್‌ರ ಹಳೆಯ ಮನೆಯಾದ ಈಸ್ಟ್ ಬೆಂಗಾಲಿಗೆ ಹೋಗಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆಲ್ಲಿಸಿಕೊಟ್ಟರು. ಬೆಂಗಳೂರಿಗೆ 2023ರ ಡಿಸೆಂಬರಿನಲ್ಲಿ ಮತ್ತೊಬ್ಬ ಸ್ಪೇನಿನವರು ಬಂದರು, ಜೆರಾರ್ಡ್ ಸರಗೋಸಾ. 2025ರ ಏಪ್ರಿಲಿನಲ್ಲಿ ತಂಡವನ್ನು ಕಲ್ಕತ್ತೆಯ ಅಂತಿಮ ಪಂದ್ಯದವರೆಗೆ ಕೊಂಡೊಯ್ದರು, ಮೋಹನ ಬಾಗಾನಿಗೆ 1–2ರಿಂದ ಸೋತರು.

ಈ ನಡುವೆ 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾಧ್ ನಗರದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. 1968–69ರ ತರುವಾಯ, ಐವತ್ತನಾಲ್ಕು ವರ್ಷಗಳಿಗೆ ಬಂದ ಗೆಲುವು. ತಂಡದ ಕೋಚ್ ರವಿಬಾಬು ರಾಜು, ಬೆಂಗಳೂರಿನವರು. ಅದೂ ರೋಕಾ ಒಮ್ಮೆ ರೈಕಾರ್ಡರ ಬೆನ್ನಿಗೆ ನಿಂತು ಕೆಲಸ ಮಾಡಿದ್ದ ದೇಶದಲ್ಲಿಯೇ. ಆ ರಾತ್ರಿ ಕಂಠೀರವದ ದೀಪಗಳನ್ನು ಹೊತ್ತಿಸಿ ಸಂಭ್ರಮಿಸಬೇಕಾದಷ್ಟು ದೊಡ್ಡ ಸುದ್ದಿ ಅದು. ಹೂಗ್ಯಂನಲ್ಲಿ ಅದನ್ನು ಯಾರಾದರೂ ಓದಿದ್ದರೆ, 1952ರಲ್ಲಿ ಅವರ ಅಜ್ಜನಿಗೆ ಇಲ್ಲದಿದ್ದ ಹಕ್ಕಿನಿಂದ ತಮ್ಮ ತಂಡವೆಂದೇ ಓದಿರಬೇಕು.